ಬೆಂಗಳೂರಿನ ಅಳಿದ ಕೆರೆಗಳು

ಲೋಕದ ಹಿರಿಯ ನಗರಗಳು ಬಹುಮಟ್ಟಿಗೆ ನದೀತೀರದಲ್ಲಿಯೋ ಸಮುದ್ರತೀರದಲ್ಲಿಯೋ ಬೆಳೆದವು. ಬೆಂಗಳೂರಿಗಾದರೋ ಆ ಭಾಗ್ಯವಿಲ್ಲ. ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿಗಳ ಮೇಲೆ, ನೀರು ಎರಡು ಕಡೆಗೂ ಇಳಿದುಹೋಗುವ ದಿಣ್ಣೆಯಲ್ಲಿ ಅದು ನೆಲಸಿದೆ. ಪಶ್ಚಿಮಕ್ಕೆ ಹರಿದ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಮುಂದೆ ಕಾವೇರಿಯನ್ನೂ ಸೇರುವುದು. ಪೂರ್ವಕ್ಕೆ ಹರಿದುದು ದಕ್ಷಿಣ ಪಿನಾಕಿನಿಯ ಪಾಲಾಗುವುದು. ಇಂತಹ ನೆಲದಲ್ಲಿ ಊರು ಉಳಿದು ಬೆಳೆದುದು ಕೆರೆಗಳ ಬಲದಿಂದಲೇ ಎಂಬುದನ್ನು ಇಂದಿನ ಪೌರರಲ್ಲಿ ನೆನೆಯುವವರು ವಿರಳ.

ಊರಿನ ಹೆಸರು ಬಹು ಪ್ರಾಚೀನವಾದುದು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂಬ ಕಥೆ ಮನೆಮಾತಾಗಿದ್ದರೂ, ಬೇಗೂರಿನ ದೇವಾಲಯದಲ್ಲಿರುವ, ಸುಮಾರು 890ರ ಗಂಗರ ಕಾಲದ ಶಿಲಾಶಾಸನವು ಬೆಂಗಳೂರಿನ ಕಾಳಗವನ್ನು ಆಗಲೇ ಹೆಸರಿಸುತ್ತದೆ. ಹೊಯ್ಸಳ ರಾಜ್ಯವೇ ತಲೆಯೆತ್ತುವ ಮೊದಲಿನ ಮಾತಿದು. ಯಲಹಂಕದ ಕೆಂಪೇಗೌಡನು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದನೆಂದು ಪ್ರತೀತಿ. ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳನ್ನೂ ಜನರು ಅವನ ಹೆಸರಿನಲ್ಲಿಯೇ ಸ್ಮರಿಸುತ್ತಾರೆ.

ಆ ಕೆರೆಗಳು ಬಿಡಿಬಿಡಿಯಾದ ಹೊಂಡಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬುತ್ತಿತ್ತು; ತೂಬಿನಿಂದ ಬಿಟ್ಟ ನೀರು ತೋಟಗದ್ದೆಗಳನ್ನು ಸಾಕುತ್ತಿತ್ತು. ಒಂದರ ದಾರಿಯನ್ನು ಮುಚ್ಚಿದರೆ ಕೆಳಗಿನದಕ್ಕೂ ಕೇಡು ತಪ್ಪದು.

ಪೇಟೆಯ ದಾಹವನ್ನು ತಣಿಸಿದ ಧರ್ಮಾಂಬುಧಿಯು ಕ್ರಮೇಣ ಬತ್ತಿಹೋಯಿತು. ಅದರ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಹಗಲಿರುಳೂ ಅಲ್ಲಿ ಇಳಿದು ಹತ್ತುವ ಜನರಲ್ಲಿ ತಾವು ನಿಂತಿರುವುದು ಕೆರೆಯ ನೆಲವೆಂದು ಬಲ್ಲವರೆಷ್ಟು ಮಂದಿ? ಕೆರೆ ಕಟ್ಟಿಸಿದವನ ಹೆಸರು ಉಳಿಯಿತು, ಕೆರೆ ಉಳಿಯಲಿಲ್ಲ. ಸಂಪಂಗಿ ಕೆರೆಯ ಗತಿಯೂ ಅದೇ ಆಯಿತು. ಅದರ ವಿಶಾಲವಾದ ಪಾತ್ರದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು.

ಕೆರೆಗಳ ಮೇಲಿನ ಅಕ್ಕರೆ ಕುಂದಲು ಕಾರಣವಿಲ್ಲದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯ ಕಾಲದಲ್ಲಿ, ಅರ್ಕಾವತಿಯ ಹೆಸರುಘಟ್ಟ ಕೆರೆಯಿಂದ ಕೊಳಾಯಿಯ ನೀರು ನಗರಕ್ಕೆ ಬಂದಿತು. 1974ರಲ್ಲಿ ಸುಮಾರು ನೂರು ಕಿಲೋಮೀಟರುಗಳಾಚೆಯ ಕಾವೇರಿಯೂ ಬಂದಳು. ಬಾಗಿಲಿಗೆ ನೀರು ಬಂದಮೇಲೆ ಏರಿಯನ್ನು ಕಾಯಬೇಕೆಂಬ ಎಚ್ಚರ ಯಾರಿಗೂ ಇಲ್ಲವಾಯಿತು. ಆದರೆ ಕೆರೆಯ ಕೆಲಸ ಕುಡಿಯುವ ನೀರನ್ನು ಕೊಡುವುದಷ್ಟೇ ಅಲ್ಲ. ಸುತ್ತಲಿನ ಬಾವಿಗಳಿಗೆ ಒರತೆಯನ್ನೂ ಮಳೆಯ ಪ್ರವಾಹಕ್ಕೆ ತಂಗುದಾಣವನ್ನೂ ಅದು ಒದಗಿಸುತ್ತಿತ್ತು. ಬೇಸಗೆಯಲ್ಲಿ ಬರಿದಾಗುವ ಕೊಳವೆಬಾವಿಗಳೂ ಮಳೆಗಾಲದಲ್ಲಿ ತಗ್ಗಿನ ಮನೆಗಳಿಗೆ ನುಗ್ಗುವ ನೀರೂ ಆ ಲೋಪವನ್ನು ತೋರಿಸಿಕೊಡುತ್ತಿವೆ.

ನಗರವು ಮರೆತರೂ ತಿಗಳರು ಮರೆತಿಲ್ಲ. ತೋಟಗಾರಿಕೆಯನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಈ ಜನರು ಪ್ರತಿವರ್ಷವೂ ಚೈತ್ರಮಾಸದ ಕರಗದ ಉತ್ಸವದಲ್ಲಿ ಸಂಪಂಗಿಯ ನೆಲಕ್ಕೆ ಹೋಗಿ ಹಸಿಕರಗದ ವಿಧಿಗಳನ್ನು ನೆರವೇರಿಸುತ್ತಾರೆ. ಕ್ರೀಡಾಂಗಣದ ಪಕ್ಕದಲ್ಲಿ ಉಳಿದಿರುವ ಪುಟ್ಟ ಕೊಳವೇ ಇಂದು ಅವರಿಗೆ ಸಂಪಂಗಿ ಕೆರೆ. ಹಳೆಯ ನಕ್ಷೆಗಳನ್ನು ಕಾಣದವರಿಗೂ ಅಲ್ಲೊಂದು ದೊಡ್ಡ ಕೆರೆಯಿದ್ದಿತೆಂಬುದಕ್ಕೆ ಆ ಪೂಜೆಯೊಂದೇ ಸಾಕ್ಷಿ.