ಹೀಲಿನ ಕೊನೆಯ ಪದರ

ಮನೆಯಲ್ಲಿರೋ ಯಾವುದಾದ್ರೂ ಹಳೇ ಶೂ ತಗೊಂಡು ತಿರುಗಿಸಿ ನೋಡಿ. ಹೆಚ್ಚು ಸವೆದಿರೋದು ಎಲ್ಲಿ? ನೂರಕ್ಕೆ ತೊಂಬತ್ತು ಜನರಿಗೆ ಹೀಲಿನ ಹಿಂದಿನ ಹೊರಮೂಲೆಯಲ್ಲಿ. ಬಲಗಾಲಿನದಾದರೆ ಬಲಗಡೆ, ಎಡಗಾಲಿನದಾದರೆ ಎಡಗಡೆ. ನಾವು ನಡೆಯುವಾಗ ನೆಲಕ್ಕೆ ಮೊದಲು ತಾಗೋದು ಆ ಮೂಲೆಯೇ. ಆಮೇಲೆ ಭಾರ ಪಾದದ ಹೊರ ಅಂಚಿನಿಂದ ಹೆಬ್ಬೆರಳಿನ ಕಡೆಗೆ ಉರುಳಿಕೊಂಡು ಹೋಗುತ್ತೆ. ದಿನಕ್ಕೆ ಸಾವಿರಾರು ಸಲ ಅದೇ ಒಂದು ರೂಪಾಯಿ ನಾಣ್ಯದಷ್ಟು ಜಾಗ ಹೊಡೆತ ತಿನ್ನುತ್ತೆ. ಶೂವಿನ ಮೇಲ್ಭಾಗ ಹೊಸದರಂತೆ ಹೊಳೆಯುತ್ತಿರುವಾಗಲೇ ಈ ಮೂಲೆ ಸವೆದು, ನಡಿಗೆ ಓರೆಯಾಗಿ, ಮೊಣಕಾಲು ಗೊಣಗೋದಕ್ಕೆ ಶುರು ಮಾಡಿರುತ್ತೆ.

ಈ ಸಣ್ಣ ಮೂಲೆಗಾಗಿ ಇಡೀ ಜೋಡನ್ನು ಎಸೆಯಬೇಕೇ ಅನ್ನೋದು ಹಳೇ ಪ್ರಶ್ನೆ. ಇದಕ್ಕೆ ಮೋಚಿಗಳು ಬಹಳ ಹಿಂದೆಯೇ ಕಂಡುಕೊಂಡ ಉತ್ತರ ಸರಳವಾದದ್ದು. ಹೀಲನ್ನು ಒಂದೇ ತುಂಡಾಗಿ ಮಾಡಬೇಡ, ದೋಸೆ ಪೇರಿಸಿದ ಹಾಗೆ ಚರ್ಮದ ಪದರಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡಿ. ನೆಲಕ್ಕೆ ತಾಗುವ ಕೊನೆಯ ಪದರವನ್ನು ಮಾತ್ರ ಕಿತ್ತು ಬದಲಾಯಿಸೋ ಹಾಗೆ ಇಡು. ಆ ಪದರಕ್ಕೆ ಟಾಪ್ ಪೀಸ್ ಅನ್ನುತ್ತಾರೆ. ಇರೋದು ಎಲ್ಲಕ್ಕಿಂತ ಕೆಳಗೆ, ಹೆಸರು ಮಾತ್ರ ಟಾಪ್! ಶೂ ಮಾಡುವವನು ಅದನ್ನು ತಲೆಕೆಳಗಾಗಿ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡ್ತಾನೆ, ಅವನ ಕಣ್ಣಿಗೆ ಮೇಲೆ ಕಾಣೋದು ಅದೇ ತಾನೆ :)

ಅಂದ ಹಾಗೆ ಹೀಲು ಹುಟ್ಟಿದ್ದು ನಡೆಯೋದಕ್ಕಲ್ಲ, ಕುದುರೆ ಸವಾರಿಗೆ. ಪರ್ಶಿಯಾದ ಸವಾರರು ರಿಕಾಪಿನಲ್ಲಿ ಪಾದ ಜಾರದಂತೆ ಹೀಲಿರುವ ಜೋಡು ಹಾಕುತ್ತಿದ್ದರು. ರಿಕಾಪಿನ ಮೇಲೆ ಎದ್ದು ನಿಂತು ಬಾಣ ಬಿಡಬೇಕಲ್ಲ. 1599ರಲ್ಲಿ ಅಲ್ಲಿನ ಷಾ ಅಬ್ಬಾಸ್ ಯುರೋಪಿನ ಆಸ್ಥಾನಗಳಿಗೆ ರಾಯಭಾರಿಗಳನ್ನು ಕಳಿಸಿದ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಯುರೋಪಿನ ಶ್ರೀಮಂತ ಗಂಡಸರ ಕಾಲಿಗೂ ಹೀಲು ಬಂತು. ಮುಂದೆ ಫ್ರಾನ್ಸಿನ ಹದಿನಾಲ್ಕನೇ ಲೂಯಿ ತನ್ನ ಆಸ್ಥಾನದವರಿಗೆ ಕೆಂಪು ಹೀಲು ಹಾಕಿಸಿದ ಕಥೆ ಎಲ್ಲರೂ ಬರೀತಾರೆ, ಅದನ್ನು ಬಿಡೋಣ. ನನಗೆ ಅದಕ್ಕಿಂತ ಸ್ವಾರಸ್ಯ ಅನ್ನಿಸಿದ್ದು ಬೇರೆ. ಹೀಲು ಬಂದ ಮೇಲೆ ಯುರೋಪಿನಲ್ಲಿ ಸುಮಾರು 200 ವರ್ಷ ಎಡಗಾಲು, ಬಲಗಾಲು ಅಂತ ಬೇರೆ ಬೇರೆ ಶೂಗಳೇ ಇರಲಿಲ್ಲ! ಹೀಲಿರುವ ಶೂಗೆ ಒಂದಕ್ಕೊಂದು ಕನ್ನಡಿಯಂತಿರುವ ಎರಡು ಮರದ ಅಚ್ಚು ಕೆತ್ತೋದು ಕಷ್ಟ ಮತ್ತು ದುಬಾರಿ. ಹಾಗಾಗಿ ಎರಡೂ ಕಾಲಿಗೆ ಒಂದೇ ಆಕಾರ. ಕಾಲಿಗೆ ನರಕ, ಆದರೆ ಒಂದು ಉಪಯೋಗವಿತ್ತು. ಇವತ್ತು ಎಡಗಾಲಿಗೆ ಹಾಕಿದ್ದನ್ನು ನಾಳೆ ಬಲಗಾಲಿಗೆ ಹಾಕಬಹುದು. ಆಗ ಹೀಲಿನ ಎರಡೂ ಮೂಲೆ ಸಮನಾಗಿ ಸವೆಯುತ್ತವೆ. 18ನೇ ಶತಮಾನದ ಸಿಪಾಯಿಗಳಿಗೆ ಶೂಗಳನ್ನು ಹೀಗೆ ದಿನಾ ಅದಲುಬದಲು ಮಾಡಿ ಹಾಕಿಕೊಳ್ಳಿ ಅಂತ ಹುಕುಮೇ ಇರುತ್ತಿತ್ತು. 19ನೇ ಶತಮಾನದಲ್ಲಿ ಎಡ-ಬಲ ಬೇರೆಯಾದವು. ಕಾಲಿಗೆ ಸುಖವಾಯ್ತು, ಹೀಲಿನ ಒಂದು ಮೂಲೆಗೆ ಮಾತ್ರ ಶಾಶ್ವತ ಶಿಕ್ಷೆ.

ಅದಕ್ಕೆ ಮೊದಲ ಮದ್ದು ಕಬ್ಬಿಣ. ಎತ್ತಿಗೆ, ಕುದುರೆಗೆ ಲಾಳ ಹೊಡೆದ ಹಾಗೆ ಮನುಷ್ಯನಿಗೂ. ಬ್ರಿಟಿಷ್ ಸೈನ್ಯದ ಆಮ್ಯುನಿಷನ್ ಬೂಟಿನ ಅಟ್ಟೆಯ ತುಂಬ ದಪ್ಪತಲೆ ಮೊಳೆಗಳು, ಹೀಲಿಗೆ ಅರ್ಧಚಂದ್ರದ ಕಬ್ಬಿಣದ ಲಾಳ. ನಮ್ಮಲ್ಲೂ ಪೊಲೀಸರ ಬೂಟಿನ ಟಕ್ ಟಕ್ ಸದ್ದು ಊರಿಗೇ ಕೇಳುತ್ತಿತ್ತು ಅಂತ ಹಳಬರು ಹೇಳೋದು ಈ ಲಾಳದಿಂದಲೇ. (ಕಳ್ಳನಿಗೆ ಮುಂಚೆಯೇ ಸೂಚನೆ ಸಿಗುತ್ತಿತ್ತು, ಪಾಪ.) ಇಂಗ್ಲೆಂಡಿನ ಲೀಡ್ಸ್‌ನ ಜಾನ್ ಬ್ಲೇಕಿ ಅನ್ನುವವನು 1880ರ ದಶಕದಲ್ಲಿ ಬೂಟಿಗೆ ಹೊಡೆಯುವ ಎರಕದ ಸಣ್ಣ ಸಣ್ಣ ಕಬ್ಬಿಣದ ತುಣುಕುಗಳನ್ನು ಮಾರಾಟಕ್ಕೆ ತಂದ. ಬ್ಲೇಕೀಸ್ ಅನ್ನೋ ಆ ಹೆಸರಿನ ತುಣುಕುಗಳು ಇವತ್ತಿಗೂ ಸಿಗುತ್ತವೆ. ಕಬ್ಬಿಣದ ಗುಣ ಬಾಳಿಕೆ. ದೋಷ ಎರಡು: ನಯವಾದ ಕಲ್ಲುಹಾಸಿನ ಮೇಲೆ ಜಾರುತ್ತೆ, ಮತ್ತೆ ಪ್ರತಿ ಹೆಜ್ಜೆಯ ಪೆಟ್ಟನ್ನೂ ನೇರ ಬೆನ್ನುಹುರಿಗೆ ಕಳಿಸುತ್ತೆ.

ಈಗ ನಮ್ಮ ಕಥಾನಾಯಕನ ಪ್ರವೇಶ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಲೋವೆಲ್ ಅಂತ ಒಂದು ಊರು, ಮೆರಿಮ್ಯಾಕ್ ನದಿಯ ದಂಡೆಯಲ್ಲಿ. ಬಟ್ಟೆ ಗಿರಣಿಗಳಿಗೆ ಹೆಸರಾದದ್ದು. ಅಲ್ಲೊಂದು ಛಾಪಖಾನೆಯಲ್ಲಿ ಐರ್ಲೆಂಡಿನಿಂದ ವಲಸೆ ಬಂದಿದ್ದ ಹಂಫ್ರಿ ಓಸಲಿವನ್ ಕೆಲಸ ಮಾಡುತ್ತಿದ್ದ. ದಿನವಿಡೀ ಗಟ್ಟಿ ನೆಲದ ಮೇಲೆ ನಿಂತೇ ಮಾಡುವ ಕೆಲಸ. ಕಾಲು ನೋವು ತಡೆಯಲಾರದೆ ಒಂದು ರಬ್ಬರ್ ಚಾಪೆ ತಂದು ಅದರ ಮೇಲೆ ನಿಲ್ಲತೊಡಗಿದ. ಜೊತೆಯವರು ಬಿಡಬೇಕಲ್ಲ, ಆಗಾಗ ಆ ಚಾಪೆ ಮಾಯವಾಗಿ ಇನ್ಯಾರದೋ ಕಾಲಡಿ ಇರುತ್ತಿತ್ತು. ಕೊನೆಗೆ ಬೇಸತ್ತ ಓಸಲಿವನ್ ಚಾಪೆಯಿಂದ ಹೀಲಿನ ಅಳತೆಯ ಎರಡು ತುಂಡು ಕತ್ತರಿಸಿ ತನ್ನ ಶೂಗೇ ಮೊಳೆ ಹೊಡೆದುಕೊಂಡ. ಇನ್ನು ಕದಿಯಿರಿ ನೋಡೋಣ!

ಕಥೆ ಹೀಗೆ ಹೇಳುತ್ತಾರೆ. ಕಥೆಗೆ ಸ್ವಲ್ಪ ಹೊಳಪು ಹತ್ತಿರಬಹುದು, ಆಮೇಲೆ ಹುಟ್ಟಿದ ಕಂಪನಿಗಳಿಗೆ ಇಂಥ ಕಥೆ ಬೇಕೇ ಬೇಕು. ಆದರೆ 1899ರ ಜನವರಿ 24ರಂದು ಅವನ ರಬ್ಬರ್ ಹೀಲಿಗೆ ಪೇಟೆಂಟ್ ಸಿಕ್ಕಿದ್ದು ದಾಖಲೆಯಲ್ಲಿದೆ. ರಬ್ಬರಿನ ಹೀಲು ಮಾಡೋ ಪ್ರಯತ್ನಗಳು ಅವನಿಗಿಂತ ಮೊದಲೂ ಆಗಿದ್ದವು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರನ್ನು ಹದ ಮಾಡೋ ವಿದ್ಯೆಗೆ ಪೇಟೆಂಟ್ ಪಡೆದದ್ದು 1844ರಲ್ಲೇ. ಅದಕ್ಕೂ ಮುಂಚಿನ ರಬ್ಬರ್ ಬೇಸಿಗೆಯಲ್ಲಿ ಬೆಲ್ಲದ ಪಾಕ, ಚಳಿಗಾಲದಲ್ಲಿ ಇಟ್ಟಿಗೆ. ಆದರೂ ರಬ್ಬರ್ ಹೀಲನ್ನು ಮನೆಮಾತು ಮಾಡಿದ್ದು ಓಸಲಿವನ್ ಹೆಸರೇ.

ತೊಡಕಿನ ವಿಷಯ ಮೊಳೆ. ಚರ್ಮಕ್ಕೆ ಹೊಡೆದ ಮೊಳೆ ಕಚ್ಚಿಕೊಳ್ಳುತ್ತೆ. ರಬ್ಬರು ಹಿಗ್ಗುವ ವಸ್ತು, ಮೊಳೆಯ ತಲೆ ಅದರೊಳಗೇ ತೂರಿ ಹೋಗಿ ಹೀಲು ಕಳಚಿ ಬೀಳುತ್ತೆ. ಅದಕ್ಕೆ ಅಚ್ಚಿನಲ್ಲಿ ಒತ್ತುವಾಗಲೇ ರಬ್ಬರಿನ ಒಳಗೆ ಸಣ್ಣ ಲೋಹದ ವಾಷರ್‌ಗಳನ್ನು ಕೂರಿಸಿದರು. ಮೊಳೆಯ ತಲೆ ವಾಷರಿನ ಮೇಲೆ ಕೂರುತ್ತೆ, ವಾಷರು ರಬ್ಬರನ್ನು ಹಿಡಿದುಕೊಳ್ಳುತ್ತೆ. ಹಳೇ ರಬ್ಬರ್ ಹೀಲುಗಳಲ್ಲಿ ಕಾಣೋ ಸಾಲು ತೂತುಗಳು ಇವೇ. ಇಷ್ಟಾದ ಮೇಲೆ ಯಾವ ಮೋಚಿ ಬೇಕಾದರೂ ಹತ್ತು ನಿಮಿಷದಲ್ಲಿ ಹಳೇದು ಕಿತ್ತು ಹೊಸದು ಕೂರಿಸಬಹುದು. ಗುಡ್‌ಇಯರ್ ಕಂಪನಿ ವಿಂಗ್‌ಫುಟ್ ಅಂತ, ಬಾಸ್ಟನ್ನಿನ ಫಾಸ್ಟರ್ ಕಂಪನಿ ಕ್ಯಾಟ್ಸ್ ಪಾ, ಅಂದರೆ ಬೆಕ್ಕಿನ ಪಂಜ ಅಂತ ಹೆಸರಿಟ್ಟು ಹೀಲು ಮಾರಿದವು. ಬೆಕ್ಕಿನ ಹೆಜ್ಜೆ ಗೊತ್ತಲ್ಲ, ಸದ್ದೂ ಇಲ್ಲ, ಜಾರೋದೂ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಂಗ್ಲೆಂಡಿನ ಉಪಾಯ. ಲ್ಯಾಂಕಶೈರಿನ ಲೇಲ್ಯಾಂಡ್ ಊರಿನ ವುಡ್-ಮಿಲ್ನ್ ಕಂಪನಿ 20ನೇ ಶತಮಾನದ ಶುರುವಿನಲ್ಲಿ ಸುತ್ತುವ ಹೀಲು ಮಾರುತ್ತಿತ್ತು. ದುಂಡನೆಯ ರಬ್ಬರ್ ಬಿಲ್ಲೆ, ನಡುವೆ ಹಿಡಿತ. ಒಂದು ಕಡೆ ಸವೆದರೆ ಬಿಲ್ಲೆಯನ್ನು ಸ್ವಲ್ಪ ತಿರುಗಿಸಿ, ಸವೆಯದ ಅಂಚು ಆ ಮೂಲೆಗೆ ಬರುತ್ತೆ. ಹೀಗೆ ಪೂರ್ತಿ ಒಂದು ಸುತ್ತು ಬರುವವರೆಗೆ ಒಂದೇ ಬಿಲ್ಲೆ ಸಾಕು. ಸಿಪಾಯಿಗಳು ಶೂ ಅದಲುಬದಲು ಮಾಡುತ್ತಿದ್ದರಲ್ಲ, ಅದೇ ಬುದ್ಧಿ. ಇಲ್ಲಿ ಶೂವಿನ ಬದಲು ಬಿಲ್ಲೆ ತಿರುಗಿತು, ಅಷ್ಟೆ.

ಆದರೆ ಇಷ್ಟೊಂದು ರಬ್ಬರ್ ಎಲ್ಲಿಂದ ಬರುತ್ತಿತ್ತು? ಈ ಪ್ರಶ್ನೆ ಕೇಳಿಕೊಂಡರೆ ಮೆತ್ತನೆಯ ಹೀಲು ಅಷ್ಟು ಮೆತ್ತಗೆ ಅನ್ನಿಸೋದಿಲ್ಲ. 1899ರಲ್ಲಿ ತೋಟದ ರಬ್ಬರ್ ಮಾರುಕಟ್ಟೆಗೆ ಬಂದಿತ್ತು ಅನ್ನೋ ಹಾಗೇ ಇಲ್ಲ. ಜಗತ್ತಿನ ರಬ್ಬರ್ ಬರುತ್ತಿದ್ದದ್ದು ಅಮೆಜಾನ್ ಕಾಡಿನಿಂದ ಮತ್ತು ಆಫ್ರಿಕದ ಕಾಂಗೋದಿಂದ. 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್‌ನ ಖಾಸಗಿ ಆಸ್ತಿ. ಇಂತಿಷ್ಟು ರಬ್ಬರ್ ತಂದುಕೊಡದ ಊರುಗಳಲ್ಲಿ ಜನರನ್ನು ಕೊಂದರು, ಹೆಂಗಸರನ್ನು ಒತ್ತೆ ಇಟ್ಟುಕೊಂಡರು, ಕೈ ಕತ್ತರಿಸಿದರು. ಅದನ್ನು ತನಿಖೆ ಮಾಡಿದ ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್‌ನ ವರದಿ 1904ರಲ್ಲಿ ಪ್ರಕಟವಾಯ್ತು. ಅವನೂ ಐರ್ಲೆಂಡಿನವನೇ. ಒಬ್ಬ ಐರಿಷ್ ಮನುಷ್ಯ ಕಾಲುನೋವಿಗೆ ರಬ್ಬರ್ ಕಂಡುಕೊಂಡ, ಇನ್ನೊಬ್ಬ ಆ ರಬ್ಬರಿಗೆ ಕೈ ಕಳಕೊಂಡವರನ್ನು ಕಂಡು ಬರೆದ, ಐದೇ ವರ್ಷದ ಅಂತರದಲ್ಲಿ. ಯಾವ ಹೀಲಿನಲ್ಲಿ ಯಾವ ಕಾಡಿನ ರಬ್ಬರ್ ಇತ್ತು ಅಂತ ಕೊಂಡವನು ಹೇಗೆ ತಾನೆ ತಿಳಿದಾನು.

1876ರಲ್ಲಿ ಹೆನ್ರಿ ವಿಕ್ಹಾಮ್ ಬ್ರೆಜಿಲ್‌ನಿಂದ ಸಾಗಿಸಿದ ಸುಮಾರು 70,000 ಬೀಜಗಳಲ್ಲಿ ಮೊಳೆತವು ಲಂಡನ್ನಿನ ಕ್ಯೂ ಉದ್ಯಾನದಿಂದ ಸಿಲೋನ್, ಮಲಯಾಗಳಿಗೆ ಹೋಗಿ ತೋಟಗಳಾದವು. ಕೇರಳದ ತಟ್ಟೇಕಾಡಿನಲ್ಲಿ 1902ರಲ್ಲಿ ತೋಟ ಶುರುವಾಯ್ತು. ನಮ್ಮ ಸುಳ್ಯ-ಪುತ್ತೂರು ಕಡೆ ಹೋದರೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಕಾಣುತ್ತವೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಲಂಕೆಯಿಂದ ಬಂದ ತಮಿಳು ಕೂಲಿಗಳಿಗೆ ಕೆಲಸ ಕೊಡಲೆಂದು ಬೆಳೆಸಿದ ತೋಟಗಳವು. ರಬ್ಬರಿನ ಕಥೆಯಲ್ಲಿ ಮರಗಳೂ ವಲಸಿಗರೇ, ಹಾಲು ತೆಗೆಯುವವರೂ ವಲಸಿಗರೇ.

ಇನ್ನು ಹೆಂಗಸರ ಹೀಲಿನ ವಿಷಯ. 1950ರ ದಶಕದಲ್ಲಿ ಇಟಲಿ, ಫ್ರಾನ್ಸಿನ ಕುಶಲಿಗಳು ಸ್ಟಿಲೆಟ್ಟೊ ತಂದರು. ಫೆರಗಾಮೊ, ರೋಜೆ ವಿವಿಯೇ ಇವರ ಹೆಸರು ಮುಖ್ಯವಾಗಿ ಕೇಳುತ್ತೆ. ಇಟಾಲಿಯನ್ನಿನಲ್ಲಿ ಸ್ಟಿಲೆಟ್ಟೊ ಅಂದರೆ ಸಣ್ಣ ಚೂರಿ. ಅಷ್ಟು ತೆಳ್ಳಗಿನ ಮರ ಮುರಿಯುತ್ತೆ, ಅದಕ್ಕೆ ಒಳಗೆ ಉಕ್ಕಿನ ಸರಳು ಹಾಕಿದರು, ಆಮೇಲೆ ಮರದ ಬದಲು ಪ್ಲಾಸ್ಟಿಕ್ ಬಂತು. ಲೆಕ್ಕ ಹಾಕಿ ನೋಡಿ. 60 ಕಿಲೋ ತೂಕದ ಹೆಂಗಸು ಒಂದು ಚದರ ಸೆಂಟಿಮೀಟರ್ ತುದಿಯ ಮೇಲೆ ಭಾರ ಬಿಟ್ಟರೆ ಆ ಒಂದು ಸೆಂಟಿಮೀಟರಿನ ಮೇಲೆ 60 ಕಿಲೋ. 4,000 ಕಿಲೋದ ಆನೆ ನಾಲ್ಕೂ ಕಾಲಿನ ಮೇಲೆ ನಿಂತರೆ, ಪಾದದ ಅಗಲ 40 ಸೆಂಟಿಮೀಟರ್ ಅಂತ ಹಿಡಿದರೆ, ಚದರ ಸೆಂಟಿಮೀಟರಿಗೆ ಒಂದು ಕಿಲೋ ಕೂಡ ಬೀಳೋದಿಲ್ಲ! ಮರದ ನೆಲಗಳಲ್ಲಿ, ವಿಮಾನದ ನೆಲದಲ್ಲಿ ಕೂಡ ಗುಳಿ ಬಿದ್ದವು. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಪಟ್ಟಣದಲ್ಲಿ ಮರದ ಬೇರುಗಳಿಂದ ಪಾದಚಾರಿ ದಾರಿಯೆಲ್ಲ ಏರುಪೇರು, ಬಿದ್ದವರು ಎಲ್ಲಿ ಕೋರ್ಟಿಗೆ ಹೋಗುತ್ತಾರೋ ಅಂತ 1963ರಲ್ಲಿ ಒಂದು ಕಾನೂನು ಮಾಡಿದರು. ಎರಡು ಇಂಚಿಗಿಂತ ಎತ್ತರ, ತಳ ಒಂದು ಚದರ ಇಂಚಿಗಿಂತ ಸಣ್ಣದಾದ ಹೀಲು ಹಾಕಬೇಕಾದರೆ ಪುರಸಭೆಯ ಪರವಾನಗಿ ಬೇಕು! ಪರವಾನಗಿ ಉಚಿತ, ಪ್ರವಾಸಿಗರು ನೆನಪಿಗಾಗಿ ಮಾಡಿಸಿಕೊಳ್ಳುತ್ತಾರಂತೆ.

ಈ ಸಾಸಿವೆಯಂಥ ತುದಿಗೆ ಮೊಳೆ ಹೊಡೆಯಲು ಜಾಗವೆಲ್ಲಿ? ಅದಕ್ಕೇ ತುದಿಯ ತುಂಡಿಗೇ ಒಂದು ಉಕ್ಕಿನ ಕಡ್ಡಿ ಸೇರಿಸಿ ಬರುತ್ತೆ. ಹೀಲಿನೊಳಗಿನ ಕೊಳವೆಯಲ್ಲಿ ಆ ಕಡ್ಡಿ ಬಿಗಿಯಾಗಿ ಕೂರುತ್ತೆ. ಮೋಚಿ ಇಕ್ಕಳದಲ್ಲಿ ಹಳೇದನ್ನು ಎಳೆದು ಹಾಕಿ, ಹೊಸದನ್ನಿಟ್ಟು ಸುತ್ತಿಗೆಯಲ್ಲಿ ಎರಡು ತಟ್ಟು ತಟ್ಟುತ್ತಾನೆ, ಮುಗೀತು. ನಡೆಯುವಾಗ ಟಿಕ್ ಟಿಕ್ ಅಂತ ಲೋಹದ ಸದ್ದು ಬಂದರೆ ತುದಿ ಸವೆದು ಕಡ್ಡಿಯೇ ನೆಲಕ್ಕೆ ತಾಗ್ತಿದೆ ಅಂತ ಅರ್ಥ. ಇನ್ನೂ ತಡ ಮಾಡಿದರೆ ಹೀಲೇ ಸವೆಯುತ್ತೆ, ಆಮೇಲೆ ಯಾವ ಮೋಚಿಯೂ ಏನೂ ಮಾಡಲಾರ.

ಗಂಡಸರ ಶೂಗಳಲ್ಲಿ ಮಾತ್ರ ಈ ಬದಲಾಯಿಸುವ ಪದರ ಕಡಿಮೆಯಾಗುತ್ತಾ ಬಂತು. ಅಟ್ಟೆ, ಹೀಲು ಎರಡನ್ನೂ ಒಂದೇ ಎರಕದಲ್ಲಿ ಪಾಲಿಯುರೆಥೇನಿನಿಂದ ಹೊಯ್ಯುತ್ತಾರೆ. ಹಗುರ, ಅಗ್ಗ, ಮೆತ್ತಗೆ. ಒಳಗೆ ಗಾಳಿಗುಳ್ಳೆಗಳಿರೋದರಿಂದ ಮೊಳೆ ನಿಲ್ಲೋದಿಲ್ಲ. ಇನ್ನೊಂದು ವಿಚಿತ್ರ ಏನಂದ್ರೆ, ಅದರಲ್ಲಿ ಬಹಳಷ್ಟು ಬಗೆಯವು ಹಾಕದೆ ಇಟ್ಟರೂ ಹಾಳಾಗುತ್ತವೆ. ಗಾಳಿಯ ತೇವ ನಿಧಾನವಾಗಿ ಆ ಪ್ಲಾಸ್ಟಿಕ್ಕಿನ ಸರಪಳಿಗಳನ್ನು ಕಡಿಯುತ್ತೆ. ಮಳೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ಮದುವೆಗಂತ ಕೊಂಡು ಡಬ್ಬಿಯಲ್ಲಿಟ್ಟ ನನ್ನ ಶೂ ಕೆಲವು ವರ್ಷ ಬಿಟ್ಟು ಹೊರಗೆ ತೆಗೆದಾಗ ಹೀಲು ಹಳಸಿದ ಕೇಕಿನ ಹಾಗೆ ಉದುರಿತು. ಅಂಗಡಿಯವನು ಗ್ಯಾರಂಟಿ ಮುಗಿದಿದೆ ಅಂದ. ಹಾಕಿದ್ದು ಎರಡೇ ಸಲ ಸ್ವಾಮಿ ಅಂದರೆ, ಹಾಕಬೇಕಿತ್ತು ಸಾರ್ ಅಂತ ನನಗೇ ಬುದ್ಧಿ ಹೇಳಿದ!

ಅದನ್ನು ರಿಪೇರಿ ಮಾಡಿಕೊಟ್ಟದ್ದು ಫುಟ್‌ಪಾತಿನ ಮೋಚಿ. ಪುಡಿಯಾದ್ದನ್ನೆಲ್ಲ ಕೆರೆದು ತೆಗೆದು, ರಬ್ಬರ್ ಹಾಳೆಯ ಪದರಗಳನ್ನು ಅಂಟಿನಲ್ಲಿ ಪೇರಿಸಿ, ಉಳಿಯಲ್ಲಿ ಸವರಿ ಹೀಲು ಕಟ್ಟಿದ. ಕೊನೆಯ ಪದರಕ್ಕೆ ಮಾತ್ರ ಮೊಳೆ. ಯಾಕೆ ಅಂದಿದ್ದಕ್ಕೆ, ಮುಂದಿನ ಸಲ ಇದೊಂದನ್ನೇ ಕಿತ್ತರೆ ಆಯ್ತಲ್ಲ ಅಂದ. ಹಳೇ ಲಾರಿ ಟೈರನ್ನು ಚಪ್ಪಲಿಯ ಹಿಂಭಾಗಕ್ಕೆ ಹೊಡೆಯುವ ವಿದ್ಯೆ ನಮ್ಮೂರುಗಳಲ್ಲಿ ಎಷ್ಟೋ ಕಾಲದಿಂದ ಇದೆ. ಅದಕ್ಕೆ ಪೇಟೆಂಟ್ ಇಲ್ಲ, ಕಂಡುಹಿಡಿದವನ ಹೆಸರೂ ಇಲ್ಲ. ಚರ್ಮ ಮುಟ್ಟುವವನನ್ನೇ ಊರ ಹೊರಗಿಟ್ಟವರು ಅವನ ಉಪಾಯವನ್ನು ಎಲ್ಲಿ ಬರೆದಿಟ್ಟಾರು. ಲೋವೆಲ್ಲಿನ ಛಾಪಖಾನೆಯ ಕೆಲಸಗಾರನಿಗೆ ಪೇಟೆಂಟ್ ಕಚೇರಿಯ ಬಾಗಿಲು ತೆರೆದಿತ್ತು.

ಅವನು ಕೂರೋದು ಲಿಡ್ಕರ್‌ನವರು ಮೋಚಿಗಳಿಗಂತ ಕೊಟ್ಟ ತಗಡಿನ ಗೂಡಂಗಡಿಯಲ್ಲಿ. ಬಾಗಿಲಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹೆಂಗಸರ ಹೀಲಿನ ತುದಿಗಳು, ಕಡ್ಡಿ ಸಮೇತ, ಕಪ್ಪು ಒಂದು ಕಡೆ, ಕಂದು ಒಂದು ಕಡೆ. ಕಾಲಡಿಯಲ್ಲಿ ಸುರುಳಿ ಸುತ್ತಿದ ಟೈರ್ ಪಟ್ಟಿ. ಪಕ್ಕದ ಡಬ್ಬಿಯಲ್ಲಿ ಕಬ್ಬಿಣದ ಲಾಳಗಳೂ ಇದ್ದವು, ತುಕ್ಕು ಹಿಡಿದು. ಯಾರು ಹಾಕಿಸ್ತಾರೆ ಅಂತ ಕೇಳಿದೆ. ಬ್ಯಾಂಡ್ ಸೆಟ್ಟಿನವರು ಅಂದ.