ಪ್ರತ್ಯಕ್ಷ ಮತ್ತು ಅನುಮಾನ: ಕಾಲ್ಚೆಂಡಾಟದ ವಿಡಿಯೊ ರೆಫರಿ

ಅಜರ್‌ಬೈಜಾನಿನ ಬಾಕು ನಗರದಲ್ಲಿ ಒಂದು ಕ್ರೀಡಾಂಗಣಕ್ಕೆ ತೋಫಿಕ್ ಬಹ್ರಾಮೋವ್ ಎಂಬವರ ಹೆಸರನ್ನಿಟ್ಟಿದ್ದಾರೆ. ಅಲ್ಲಿ ಅವರ ಪ್ರತಿಮೆಯೂ ಉಂಟು. ಗೋಲು ಹೊಡೆದವರಿಗೂ ಕಪ್ಪು ಗೆದ್ದ ನಾಯಕರಿಗೂ ಸಲ್ಲುವ ಈ ಬಗೆಯ ಮರ್ಯಾದೆ, ಧ್ವಜ ಹಿಡಿದು ಮೈದಾನದ ಅಂಚಿನಲ್ಲಿ ಓಡಾಡಿದ ಒಬ್ಬ ಲೈನ್ಸ್‌ಮನ್ನರಿಗೆ ಸಂದದ್ದು ಅವರು ಒಂದು ಮಧ್ಯಾಹ್ನ ತಲೆಯಾಡಿಸಿದ ಕಾರಣದಿಂದ. 1966ರ ಜುಲೈ 30ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಪಶ್ಚಿಮ ಜರ್ಮನಿಗೂ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದು, ಉಭಯ ಪಕ್ಷಗಳೂ ಎರಡೆರಡು ಗೋಲುಗಳಿಂದ ಸಮವಾಗಿ ಹೆಚ್ಚುವರಿ ವೇಳೆಯ ಆಟ ಸಾಗಿದ್ದಾಗ, ಜೆಫ್ ಹರ್ಸ್ಟ್ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು, ನೆಟ್ಟಗೆ ಕೆಳಗಿಳಿದು, ಗೆರೆಯ ಬಳಿ ಪುಟಿದು ಹೊರಬಂದಿತು. ಸ್ವಿಟ್ಜರ್ಲೆಂಡಿನ ರೆಫರಿ ಗೊಟ್‌ಫ್ರೀಡ್ ಡೀನ್ಸ್ಟ್ ತಮಗೆ ನಿಶ್ಚಯವಾಗದ ಕಾರಣ ಬಹ್ರಾಮೋವರ ಬಳಿಗೆ ಹೋದರು, ಅವರು ಹೌದೆಂದರು, ಗೋಲಾಯಿತು. ಆ ಕ್ಷಣವನ್ನು ಸೆರೆಹಿಡಿದ ಫಿಲ್ಮನ್ನು ಅಂದಿನಿಂದ ಎಷ್ಟೋ ಮಂದಿ ಪರೀಕ್ಷಿಸಿ ನೋಡಿದ್ದಾರೆ. ಜರ್ಮನರು ಒಪ್ಪಿಲ್ಲ, ಇಂಗ್ಲಿಷರು ಬಿಟ್ಟುಕೊಟ್ಟಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಜ್ಞಾನದ ಸಾಧನಗಳನ್ನು ಎಣಿಸುವಾಗ ನಮ್ಮ ತಾರ್ಕಿಕರು ಪ್ರತ್ಯಕ್ಷವನ್ನು ಮೊದಲಲ್ಲಿಯೂ ಅನುಮಾನವನ್ನು ತರುವಾಯವೂ ಇಡುತ್ತಾರಷ್ಟೆ. ಚೆಂಡು ಗೆರೆಯನ್ನು ದಾಟಿತೇ, ದಾಟಲಿಲ್ಲವೇ ಎಂಬುದು ಪ್ರತ್ಯಕ್ಷಕ್ಕೆ ಸೇರಿದ ಪ್ರಶ್ನೆ. ಕಣ್ಣು ತೀಕ್ಷ್ಣವಾದಷ್ಟೂ ಉತ್ತರ ನಿಶ್ಚಿತವಾಗುತ್ತದೆ. ಆಟಗಾರನ ಕೈ ಚೆಂಡಿಗೆ ತಾಗಿದ್ದು ಬುದ್ಧಿಪೂರ್ವಕವೇ, ಆಕಸ್ಮಿಕವೇ ಎಂಬುದು ಅನುಮಾನಕ್ಕೆ ಸೇರಿದ್ದು. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಅಲ್ಲಿ ತೋಳಿನ ಭಂಗಿಯಿಂದ ಮನಸ್ಸನ್ನು ಊಹಿಸಬೇಕಾಗುತ್ತದೆ. ಕಾಲ್ಚೆಂಡಾಟಕ್ಕೆ ವಿಡಿಯೊ ಸಹಾಯಕ ರೆಫರಿ, ಅಂದರೆ ಎಲ್ಲರ ಬಾಯಲ್ಲಿ ಸಂಕ್ಷೇಪವಾಗಿ 'ವಿಎಆರ್' ಆಗಿರುವ ಪದ್ಧತಿ, ಪ್ರವೇಶಿಸಿದ ಇತಿಹಾಸವೆಲ್ಲ ಮೊದಲನೆಯ ಬಗೆಯ ಪ್ರಶ್ನೆಗೆ ಒದಗಿಬಂದ ಉಪಕರಣಕ್ಕೆ ಎರಡನೆಯ ಬಗೆಯ ಪ್ರಶ್ನೆಯನ್ನೂ ಒಪ್ಪಿಸಿದುದರ ಇತಿಹಾಸವೆಂದು ನನಗೆ ತೋರುತ್ತದೆ.

ಈ ಉಪಕರಣವನ್ನು ಆಟದ ಯಜಮಾನರು ಬಹುಕಾಲ ಹತ್ತಿರ ಸೇರಿಸಲಿಲ್ಲ. 1986ರಲ್ಲಿ ಮೆಕ್ಸಿಕೊ ನಗರದ ಆಜ್ಟೆಕಾ ಮೈದಾನದಲ್ಲಿ ಮರಡೋನಾ ಕೈಯಿಂದ ತಳ್ಳಿದ ಚೆಂಡನ್ನು ಜಗತ್ತೆಲ್ಲ ಕಂಡಿತು. ರೆಫರಿಯೂ ಲೈನ್ಸ್‌ಮನ್ನರೂ ಕಾಣಲಿಲ್ಲ. 2009ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಹೊರವಲಯದಲ್ಲಿ ಫ್ರಾನ್ಸಿನ ಥಿಯರಿ ಹೆನ್ರಿ ಕೈಯಿಂದಲೇ ಚೆಂಡನ್ನು ಹದಕ್ಕೆ ತಂದು ಗಲ್ಲಾಸ್‌ಗೆ ಒದಗಿಸಲು, ಐರ್ಲೆಂಡ್ ವಿಶ್ವಕಪ್ಪಿನ ಬಾಗಿಲಿನಿಂದಲೇ ಹಿಂದಿರುಗಬೇಕಾಯಿತು. ದೋಷಗಳೂ ಆಟದ ಸ್ವಭಾವದಲ್ಲಿ ಸೇರಿದವೇ, ಸೋಮವಾರದ ಹರಟೆಗೆ ಅವೂ ಬೇಕು ಎಂಬ ಸಮಾಧಾನ ಆಗ ಚಲಾವಣೆಯಲ್ಲಿತ್ತು. ಸೋತವರ ಮನೆಯಲ್ಲಿ ಈ ಸಮಾಧಾನಕ್ಕೆ ಎಷ್ಟು ಬೆಲೆಯಿತ್ತೋ ಕಾಣೆ.

ಆ ಸಮಾಧಾನ ಕುಸಿದುಬಿದ್ದದ್ದು 2010ರ ಜೂನ್ 27ರಂದು. ಅಂದು ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನಿನಲ್ಲಿ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲುಗೆರೆಯನ್ನು ಧಾರಾಳವಾಗಿ ದಾಟಿ ಹೊರಪುಟಿದರೂ ಗೋಲೆನಿಸಲಿಲ್ಲ. ವೆಂಬ್ಲಿಯ ಸಾಲವನ್ನು ವಿಧಿ ನಲವತ್ತನಾಲ್ಕು ವರ್ಷಗಳ ತರುವಾಯ ವಸೂಲು ಮಾಡಿತೆಂದು ಜರ್ಮನರು ನಕ್ಕಿರಬಹುದು. ಆದರೆ ಅದಕ್ಕಿಂತ ವಿಚಿತ್ರವಾದದ್ದು ಅದೇ ಸಂಜೆ ಜೊಹಾನೆಸ್‌ಬರ್ಗಿನಲ್ಲಿ ನಡೆಯಿತು. ಅರ್ಜೆಂಟೀನಾದ ತೆವೆಜ್ ಸ್ಪಷ್ಟವಾದ ಆಫ್‌ಸೈಡಿನಲ್ಲಿ ನಿಂತು ಮೆಕ್ಸಿಕೊ ವಿರುದ್ಧ ಗೋಲು ಹೊಡೆದರು; ಮೈದಾನದ ದೊಡ್ಡ ಪರದೆ ಆ ದೃಶ್ಯವನ್ನು ಮತ್ತೆ ತೋರಿಸಿತು; ಮೆಕ್ಸಿಕೊದ ಆಟಗಾರರು ಪರದೆಯತ್ತ ಬೆರಳು ಮಾಡಿ ಕೂಗಿದರು; ಇಟಲಿಯ ರೆಫರಿ ರೊಬೆರ್ಟೊ ರೊಸೆಟ್ಟಿ ತಮ್ಮ ಸಹಾಯಕರೊಡನೆ ಮಾತನಾಡಿದರು. ಆದರೆ ಪರದೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನಿಯಮವಿರಲಿಲ್ಲ. ಹತ್ತಾರು ಸಾವಿರ ಪ್ರೇಕ್ಷಕರಿಗೆಲ್ಲ ತಿಳಿದ ಸತ್ಯವನ್ನು, ತೀರ್ಪು ಕೊಡಬೇಕಾದ ಒಬ್ಬನೇ ಒಬ್ಬ ಮನುಷ್ಯ ತಿಳಿಯದಂತೆ ಇರಬೇಕಾಗಿತ್ತು! ಎಂಟು ವರ್ಷಗಳ ಅನಂತರ ರಷ್ಯದ ವಿಶ್ವಕಪ್ಪಿಗೆ ವಿಎಆರ್ ವ್ಯವಸ್ಥೆಯನ್ನು ಸಜ್ಜುಗೊಳಿಸುವ ಹೊಣೆ ಇದೇ ರೊಸೆಟ್ಟಿಯವರ ಪಾಲಿಗೆ ಬಂದಿತೆಂಬುದು ಸ್ವಾರಸ್ಯವಾದ ಸಂಗತಿ. ಆ ಎರಡು ಪಂದ್ಯಗಳ ತರುವಾಯ ಫಿಫಾದ ಅಂದಿನ ಅಧ್ಯಕ್ಷ ಬ್ಲಾಟರ್ ಸೋತ ಎರಡೂ ತಂಡಗಳ ಕ್ಷಮೆ ಕೇಳಿದರು.

ಪ್ರತ್ಯಕ್ಷದ ಪ್ರಶ್ನೆ ಬೇಗನೆ ಬಗೆಹರಿಯಿತು. 2012ರ ಜುಲೈಯಲ್ಲಿ ನಿಯಮಮಂಡಳಿಯು ಗೋಲುಗೆರೆ ತಂತ್ರಕ್ಕೆ ಅನುಮತಿಯಿತ್ತಿತು. 2014ರ ವಿಶ್ವಕಪ್ಪಿನಲ್ಲಿ ಅದು ಕಾರ್ಯಕ್ಕೆ ಬಂದಿತು. ಚೆಂಡು ಗೆರೆಯನ್ನು ಪೂರ್ಣವಾಗಿ ದಾಟಿದೊಡನೆ ರೆಫರಿಯ ಕೈಗಡಿಯಾರ ಮಿಡಿಯುತ್ತದೆ, ಅಷ್ಟೆ, ವಾದಕ್ಕೆ ಆಸ್ಪದವಿಲ್ಲ. ಈ ಯಂತ್ರವೂ ಒಮ್ಮೆ ಕುರುಡಾದದ್ದುಂಟು: 2020ರ ಜೂನಿನಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾದ ಗೋಲಿ ಚೆಂಡನ್ನು ಹಿಡಿದುಕೊಂಡೇ ಗೆರೆಯೊಳಕ್ಕೆ ಸರಿದಾಗ, ಆ ಭಾಗದ ಏಳು ಕ್ಯಾಮೆರಾಗಳಿಗೂ ಆಟಗಾರರ ಮೈಗಳೂ ಗೋಲುಕಂಬವೂ ಅಡ್ಡವಾಗಿ ಗಡಿಯಾರ ಮಿಡಿಯಲಿಲ್ಲ. ಋತುವಿನ ಕೊನೆಗೆ ವಿಲ್ಲಾ ಕೆಳದರ್ಜೆಗೆ ಇಳಿಯದೆ ಉಳಿದದ್ದು ಒಂದೇ ಅಂಕದಿಂದ.

ಕ್ರಿಕೆಟ್ಟಿಗೆ ಒಗ್ಗಿದ ನಮ್ಮ ಓದುಗರಿಗೆ ಈ ಸಂಕೋಚವೆಲ್ಲ ಬಾಲಿಶವೆಂದು ತೋರಬಹುದು. 1992ರಲ್ಲೇ ಡರ್ಬಾನಿನಲ್ಲಿ ಸಚಿನ್ ತೆಂಡೂಲ್ಕರರನ್ನು ಮೂರನೆಯ ಅಂಪೈರು ಪರದೆ ನೋಡಿ ರನ್‌ಔಟೆಂದು ಸಾರಿದ್ದರು. ಆದರೆ ಕ್ರಿಕೆಟ್ಟು ಸ್ವಭಾವತಃ ಬಿಡಿಬಿಡಿಯಾದ ಆಟ; ಪ್ರತಿ ಎಸೆತದ ತರುವಾಯವೂ ಅಲ್ಲಿ ಒಂದು ವಿರಾಮವಿದೆ. ಕಾಲ್ಚೆಂಡಾಟ ಹರಿಯುವ ಹೊಳೆಯಂತೆ. ಅದನ್ನು ನಿಲ್ಲಿಸಿದರೆ ನಿಂತದ್ದು ಬೇರೆಯೇ ನೀರು. ಈ ತೊಡಕನ್ನು ಬಿಡಿಸಲು ಮೊದಲು ಶ್ರಮಿಸಿದವರು ಡಚ್ಚರು. ಅವರ ಒಕ್ಕೂಟವು ಮೈದಾನದ ತೀರ್ಪುಗಳಿಗೆ ಯಾವ ಸಂಬಂಧವೂ ಇಲ್ಲದಂತೆ ಹೊರಗಡೆ ಪರದೆಗಳ ಮುಂದೆ ರೆಫರಿಗಳನ್ನು ಕೂರಿಸಿ, ಎಷ್ಟು ತಪ್ಪುಗಳನ್ನು ಎಷ್ಟು ಹೊತ್ತಿನಲ್ಲಿ ತಿದ್ದಬಹುದೆಂದು ಪರೀಕ್ಷಿಸಿತು. 2016ರಲ್ಲಿ ಇನ್‌ಫ್ಯಾಂಟಿನೊ ಫಿಫಾದ ಅಧ್ಯಕ್ಷರಾದ ಕೆಲವೇ ದಿನಗಳಲ್ಲಿ ನಿಯಮಮಂಡಳಿ ಎರಡು ವರ್ಷಗಳ ಪ್ರಯೋಗಕ್ಕೆ ಒಪ್ಪಿತು. ಅದೇ ಡಿಸೆಂಬರಿನಲ್ಲಿ, ಜಪಾನಿನಲ್ಲಿ ನಡೆದ ಕ್ಲಬ್ಬುಗಳ ವಿಶ್ವಕಪ್ಪಿನಲ್ಲಿ, ಹಂಗೆರಿಯ ರೆಫರಿ ವಿಕ್ಟರ್ ಕಸ್ಸಾಯಿ ಮೈದಾನದ ಅಂಚಿನ ಪರದೆಯನ್ನು ನೋಡಿ ಕಶಿಮಾ ಆಂಟ್ಲರ್ಸ್ ತಂಡಕ್ಕೆ ಪೆನಾಲ್ಟಿ ಕೊಟ್ಟರು.

ಆಗ ರೂಪುಗೊಂಡ ಕ್ರಮದ ಸೂತ್ರ ಸಂಕ್ಷಿಪ್ತವಾದದ್ದು. ಗೋಲು, ಪೆನಾಲ್ಟಿ, ನೇರವಾದ ಕೆಂಪು ಕಾರ್ಡು, ಒಬ್ಬನ ಬದಲಿಗೆ ಇನ್ನೊಬ್ಬನನ್ನು ದಂಡಿಸಿದ ಪ್ರಮಾದ—ಈ ನಾಲ್ಕರಲ್ಲಿ ಮಾತ್ರ, ಅದೂ ತಪ್ಪು ಸ್ಪಷ್ಟವೂ ಎದ್ದು ಕಾಣುವಂಥದೂ ಆಗಿದ್ದರೆ ಮಾತ್ರ, ಪರದೆಯ ಕೋಣೆಯವರು ಬಾಯಿ ತೆರೆಯಬೇಕಾಗಿತ್ತು. ಕೊನೆಯ ಮಾತು ಮೈದಾನದ ರೆಫರಿಯದೇ. ಕೇಳಲು ಇಂಪಾದ ಈ ಸೂತ್ರದಲ್ಲಿ 'ಸ್ಪಷ್ಟ' ಎಂಬ ಶಬ್ದವೇ ಅಸ್ಪಷ್ಟವಾದುದೆಂದು ಅರಿವಾಗಲು ಬಹಳ ಕಾಲ ಹಿಡಿಯಲಿಲ್ಲ. 2018ರ ಏಪ್ರಿಲಿನಲ್ಲಿ ಜರ್ಮನಿಯ ಮೈಂಜ್ ನಗರದಲ್ಲಿ ಫ್ರೈಬರ್ಗ್ ತಂಡದೊಡನೆ ನಡೆದ ಪಂದ್ಯದಲ್ಲಿ ಅರ್ಧವೇಳೆಯ ಸೀಟಿ ಊದಿ, ಆಟಗಾರರು ಉಡುಪಿನ ಕೋಣೆಗೆ ಹೋದ ಮೇಲೆ, ರೆಫರಿ ಪರದೆ ನೋಡಿ ಕೈಗೆ ಚೆಂಡು ತಾಗಿತ್ತೆಂದು ನಿರ್ಣಯಿಸಿ, ಫ್ರೈಬರ್ಗಿನವರನ್ನು ಒಳಗಿಂದ ಮತ್ತೆ ಕರೆಸಿದರು. ಮೈಂಜಿನವರು ಪೆನಾಲ್ಟಿಯನ್ನು ಗೋಲಾಗಿಸಿದರು. ಎಲ್ಲರೂ ಪುನಃ ವಿಶ್ರಾಂತಿಗೆ ಹೋದರು. ಆ ವಿಶ್ರಾಂತಿಯೂ ದೀರ್ಘವಾಯಿತು. ಸೋಮವಾರ ಪಂದ್ಯವಿಟ್ಟದ್ದಕ್ಕೆ ಸಿಟ್ಟಾಗಿದ್ದ ಪ್ರೇಕ್ಷಕರು ಕಾಗದದ ಸುರುಳಿಗಳನ್ನೆಸೆದು ಮೈದಾನವನ್ನು ಮುಚ್ಚಿಬಿಟ್ಟಿದ್ದರು.

ಅದೇ ಬೇಸಿಗೆಯಲ್ಲಿ ರಷ್ಯದ ಹನ್ನೆರಡು ಮೈದಾನಗಳ ಚಿತ್ರಗಳೆಲ್ಲ ಮಾಸ್ಕೋದ ಒಂದೇ ಕೋಣೆಗೆ ಹರಿದುಬಂದು, ವಿಶ್ವಕಪ್ಪಿನಲ್ಲಿ ಹಿಂದೆಂದೂ ಇಲ್ಲದಂತೆ 29 ಪೆನಾಲ್ಟಿಗಳಾದವು. ಅಂತಿಮ ಪಂದ್ಯದಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಚೆಂಡು ತಾಗಿದ್ದನ್ನು ರೆಫರಿ ನೆಸ್ಟರ್ ಪಿತಾನಾ ಪರದೆಯಲ್ಲಿ ನೋಡಿ, ಹೊರಟು, ಮತ್ತೆ ಹಿಂದಿರುಗಿ ನೋಡಿ, ಅನಂತರ ಫ್ರಾನ್ಸಿಗೆ ಪೆನಾಲ್ಟಿ ಕೊಟ್ಟರು. ತಪ್ಪು ಎದ್ದು ಕಾಣುವಂತಿದ್ದಿದ್ದರೆ ಅವರು ಹಿಂದಿರುಗಿ ನೋಡುತ್ತಿರಲಿಲ್ಲ.

ಆಫ್‌ಸೈಡಿನ ವಿಷಯದಲ್ಲಿ ಯಂತ್ರವು ಗಣಿತದ ವೇಷ ಧರಿಸಿತು. ಸೆಕೆಂಡಿಗೆ 50 ಚಿತ್ರಗಳನ್ನು ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದಂಶ ಕಳೆಯುತ್ತದೆ. ಸೆಕೆಂಡಿಗೆ ಎಂಟು ಮೀಟರ್ ವೇಗದಲ್ಲಿ ಓಡುವವನು ಅಷ್ಟರಲ್ಲಿ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಹೀಗಿರಲು ಕಂಕುಳು, ಹೆಬ್ಬೆರಳುಗಳ ಅಂತರದ ಮೇಲೆ ಗೋಲುಗಳನ್ನು ಅಳಿಸುತ್ತಿದ್ದುದು, ಎಲೆಯ ತಕ್ಕಡಿಯಲ್ಲಿ ಚಿನ್ನ ತೂಗಿದಂತೆಯೇ ಸರಿ. 2022ರ ಕತಾರ್ ವಿಶ್ವಕಪ್ಪಿಗೆ ಬಂದ ಅರೆಸ್ವಯಂಚಾಲಿತ ಪದ್ಧತಿ ಈ ಕುಂದನ್ನು ಬಹುಮಟ್ಟಿಗೆ ತೀರಿಸಿತು: ಚಾವಣಿಯ ಕೆಳಗಿನ 12 ಕ್ಯಾಮೆರಾಗಳು ಪ್ರತಿಯೊಬ್ಬ ಆಟಗಾರನ ಮೈಯ 29 ಬಿಂದುಗಳನ್ನು ಹಿಂಬಾಲಿಸುತ್ತಿದ್ದವು, ಚೆಂಡಿನೊಳಗಿನ ಸಂವೇದಕವು ಸೆಕೆಂಡಿಗೆ 500 ಬಾರಿ ಸುದ್ದಿ ಕಳುಹಿಸಿ, ಪಾದ ತಾಗಿದ ಕ್ಷಣವನ್ನು ಹೇಳುತ್ತಿತ್ತು. ಉದ್ಘಾಟನಾ ಪಂದ್ಯದ ಮೊದಲ ನಿಮಿಷಗಳಲ್ಲೇ ಇಕ್ವೆಡಾರಿನ ಗೋಲೊಂದು ಹೀಗೆ ಅಳಿಯಿತು. ಅಳತೆ ಸರಿಹೋಯಿತು, ಆದರೆ ಮಂಡಿಯಷ್ಟು ಮುಂದಿರುವುದು ಅನ್ಯಾಯವೇ ಎಂಬ ಪ್ರಶ್ನೆ ಅಳತೆಯಿಂದ ತೀರುವಂಥದಲ್ಲವಾದ್ದರಿಂದ, ಇಡೀ ದೇಹ ಮುಂದೆ ಚಾಚಿದ್ದರೆ ಮಾತ್ರ ಆಫ್‌ಸೈಡೆನ್ನೋಣ ಎಂದು ಹಿರಿಯ ತರಬೇತುದಾರ ಆರ್ಸೆನ್ ವೆಂಗರ್ ಸೂಚಿಸುತ್ತ ಬಂದಿದ್ದಾರೆ.

ಕೈಗೆ ತಾಗುವ ಚೆಂಡಿನ ಕಥೆ ಇನ್ನೂ ಬೋಧಪ್ರದವಾದುದು. ಮನಸ್ಸನ್ನು ಪರದೆ ತೋರಿಸದು. ಆದಕಾರಣ 2019ರಲ್ಲಿ ನಿಯಮವನ್ನೇ ಪರದೆಗೆ ಒಗ್ಗುವಂತೆ ತಿದ್ದಿ, ಆಕ್ರಮಣಕಾರನ ಕೈಗೆ ಆಕಸ್ಮಿಕವಾಗಿ ತಾಗಿ ಗೋಲಾದರೂ ಅದು ದೋಷವೆಂದರು. ಜೊತೆಗಾರನ ತೋಳಿಗೆ ಎಂದೋ ಸವರಿದ ಚೆಂಡಿನಿಂದಲೂ ಗೋಲುಗಳು ಹೋಗತೊಡಗಲು, 2021ರಲ್ಲಿ ಮತ್ತೆ ಸಡಿಲಿಸಿದರು. ಕಾಲಿಗೆ ತಕ್ಕಂತೆ ಪಾದರಕ್ಷೆಯನ್ನು ಹೊಲಿಯುವುದರ ಬದಲು ಪಾದರಕ್ಷೆಗೆ ತಕ್ಕಂತೆ ಕಾಲನ್ನು ಕೆತ್ತಲು ಹೊರಟ ಕೆಲಸವದು.

ಇವೆಲ್ಲಕ್ಕೂ ಮಿಗಿಲಾದ ದೃಷ್ಟಾಂತ 2023ರ ಸೆಪ್ಟೆಂಬರ್ 30ರದು. ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲಿನ ಲೂಯಿಸ್ ದಿಯಾಸ್ ಹೊಡೆದ ಗೋಲಿಗೆ ಲೈನ್ಸ್‌ಮನ್ ಆಫ್‌ಸೈಡಿನ ಧ್ವಜವೆತ್ತಿದರು. ಕೋಣೆಯವರು ಗೆರೆ ಎಳೆದು ಆಟಗಾರ ಹಿಂದೆಯೇ ಇದ್ದನೆಂದು ಕಂಡುಕೊಂಡರು. ಮೈದಾನದಲ್ಲಿ ಗೋಲೆಂದೇ ತೀರ್ಪಾಗಿದೆಯೆಂದು ಭ್ರಮಿಸಿದ್ದ ಅವರು 'ಪರಿಶೀಲನೆ ಮುಗಿಯಿತು' ಎಂದರು. ಮೈದಾನದವರು ಆಫ್‌ಸೈಡೇ ಖಚಿತವಾಯಿತೆಂದು ತಿಳಿದು ಆಟ ಮುಂದುವರಿಸಿದರು. ಕೆಲವು ಕ್ಷಣಗಳಲ್ಲಿ ಕೋಣೆಯಲ್ಲಿ ಗಾಬರಿ ಹುಟ್ಟಿತು. ಆದರೆ ಆಟ ಪುನರಾರಂಭವಾದ ಮೇಲೆ ಹಿಂದಿರುಗುವಂತಿಲ್ಲ. ಧ್ವನಿಮುದ್ರಣ ಬಹಿರಂಗವಾದಾಗ ಜನ ಕೇಳಿದ್ದು ಇದನ್ನೇ: ಚಿತ್ರ ಸರಿ, ಗೆರೆ ಸರಿ, ತಪ್ಪಿದ್ದು ಎರಡು ಪದ. ಲಿವರ್‌ಪೂಲ್ ಆ ಪಂದ್ಯವನ್ನು 2–1ರಿಂದ ಸೋತಿತು.

ಮರುವರ್ಷ ವುಲ್ವ್ಸ್ ಕ್ಲಬ್ಬು ಈ ಪದ್ಧತಿಯನ್ನೇ ಕಿತ್ತುಹಾಕಬೇಕೆಂದು ಪ್ರೀಮಿಯರ್ ಲೀಗಿನ ಸಭೆಯಲ್ಲಿ ನಿರ್ಣಯ ತಂದು, ಒಂದಕ್ಕೆ ಹತ್ತೊಂಬತ್ತು ಮತಗಳಿಂದ ಸೋತಿತು. ಸದಸ್ಯರ ಒಡೆತನವಿರುವ ಸ್ವೀಡನ್ನಿನ ಕ್ಲಬ್ಬುಗಳಾದರೋ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನಾರ್ವೆಯ ಪ್ರತಿಭಟನೆ ಮಾತ್ರ ಭೋಜನಪ್ರಿಯವಾದದ್ದು: 2024ರ ಜುಲೈಯಲ್ಲಿ ಟ್ರಾಂಡ್‌ಹೈಮಿನ ಪ್ರೇಕ್ಷಕರು ಟೆನಿಸ್ ಚೆಂಡುಗಳ ಜೊತೆಗೆ ಮೀನಿನ ವಡೆಗಳನ್ನೂ ಮೈದಾನಕ್ಕೆ ತೂರಿ ಪಂದ್ಯವನ್ನೇ ನಿಲ್ಲಿಸಿದರು. ಅಲ್ಲಿನ ಕ್ಲಬ್ಬುಗಳು ಬಹುಮತದಿಂದ ವಿಎಆರ್ ಬೇಡವೆಂದರೂ, 2025ರ ಮಾರ್ಚಿನಲ್ಲಿ ಒಕ್ಕೂಟದ ಮಹಾಸಭೆ 321ಕ್ಕೆ 129 ಮತಗಳಿಂದ ಅದನ್ನು ಉಳಿಸಿಕೊಂಡಿತು.

ನಮ್ಮ ದೇಶದ ಲೀಗಿಗೆ ಈ ವೈಭವ ದುಬಾರಿ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ನಡೆದ ನಾಕೌಟ್ ಪಂದ್ಯದ ಹೆಚ್ಚುವರಿ ವೇಳೆಯಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ಕನ್ನು ಗೋಲಿನೊಳಕ್ಕೆ ಸೇರಿಸಿದರು, ರೆಫರಿ ಗೋಲೆಂದರು, ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನೆಲ್ಲ ಕರೆದುಕೊಂಡು ಹೊರನಡೆದರು. ದಂಡ ನಾಲ್ಕು ಕೋಟಿ ರೂಪಾಯಿ. ವಿಎಆರ್ ಇದ್ದಿದ್ದರೆ ಎಂದು ಅಂದು ಎಷ್ಟೋ ಮಂದಿ ಹಲುಬಿದರು. ಸಣ್ಣ ಲೀಗುಗಳಿಗೆಂದು ಫಿಫಾ ಈಗ ಅಗ್ಗದ ಉಪಾಯವೊಂದನ್ನು ಪರೀಕ್ಷಿಸುತ್ತಿದೆ: ಪ್ರತ್ಯೇಕ ಕೋಣೆಯಿಲ್ಲ, ತರಬೇತುದಾರನೇ ಪಂದ್ಯಕ್ಕೆ ಎರಡು ಬಾರಿ ಪರಿಶೀಲನೆ ಕೇಳಬಹುದು, ರೆಫರಿಯೇ ಹೋಗಿ ಪರದೆ ನೋಡುತ್ತಾನೆ. ಆ ರಾತ್ರಿ ಕಂಠೀರವದಲ್ಲಿ ಅಂಥ ಪರದೆಯೊಂದಿದ್ದು ವುಕೊಮಾನೊವಿಚ್ ಕೇಳಿದ್ದರೂ ಜಗಳ ತೀರುತ್ತಿರಲಿಲ್ಲ: ಚೆಂಡು ಗೆರೆ ದಾಟಿದ್ದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸೀಟಿಗೆ ಕಾಯಬೇಕಾಗಿತ್ತೇ, ಬೇಕಿರಲಿಲ್ಲವೇ ಎಂಬುದೇ ಜಗಳ. ರೆಫರಿ ಪರದೆಯಲ್ಲಿ ನೋಡಬೇಕಾಗಿದ್ದದ್ದು ತನ್ನನ್ನೇ.