ತಾಳಮದ್ದಳೆಯ ಅಭ್ಯಾಸ ಮತ್ತು ವೃತ್ತಿರಂಗ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಯಕ್ಷಗಾನ ಕಲಾವಿದರಲ್ಲಿ ಅನೇಕರು ಹವ್ಯಾಸದಿಂದ ವೃತ್ತಿಗೆ ಬಂದವರು. ಮಳೆಗಾಲದ ತಾಳಮದ್ದಳೆಯೇ ಅವರ ಗರಡಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಪದ್ಯಕ್ಕೆ ಕುಳಿತಲ್ಲಿಯೇ ಅರ್ಥ ಹೇಳಬೇಕು, ಎದುರಿನ ಅರ್ಥಧಾರಿಯ ವಾದಕ್ಕೆ ಆಗಲೇ ಉತ್ತರ ಕೊಡಬೇಕು. ಹೀಗೆ ಬೆಳೆದ ಮಾತಿನ ರೂಢಿಯು ಮೇಳದ ರಂಗಸ್ಥಳಕ್ಕೂ ಹಿಂಬಾಲಿಸುತ್ತದೆ. ಇಡೀ ರಾತ್ರಿಯ ಆಟದಲ್ಲಿ ಅದಕ್ಕೆ ಎಡೆಯಿತ್ತು. ಕಾಲಮಿತಿಯ ಪ್ರಯೋಗದಲ್ಲಿ ಅದೇ ಗುಣವು ಕುಣಿತದ ಹೊತ್ತನ್ನು ಕಸಿಯುವ ದೋಷವಾಗಬಲ್ಲುದು. ಮುಂದಿನ ಪದ್ಯವನ್ನೆತ್ತಿ ಮಾತಿಗೆ ಮಿತಿ ಹಾಕುವವರು ಭಾಗವತರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದಲ್ಲಿ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು ದೀರ್ಘಕಾಲ ಈ ಹೊಣೆ ಹೊತ್ತು, 2019ರಲ್ಲಿ ಕಾಲವಾದರು. ಹಳೆಯ ರೂಢಿಗೆ ಅಳತೆ ಕಲಿಸುವುದೇ ವೃತ್ತಿಯ ಶಿಕ್ಷಣವೆಂದು ನಾವು ಭಾವಿಸುತ್ತೇವೆ.